‘ದಿ ಆಫ್ರಿಕನ್ ಕ್ವೀನ್’ ತೆಗೆದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

1951ರ ‘ದಿ ಆಫ್ರಿಕನ್ ಕ್ವೀನ್’ ನೋಡಿದವರು ಕಥೆಗಿಂತ ಮೊದಲು ಕೇಳುವ ಪ್ರಶ್ನೆ ಒಂದೇ. ‘ಇದನ್ನ ನಿಜವಾಗ್ಲೂ ಆಫ್ರಿಕಾಕ್ಕೆ ಹೋಗಿ ತೆಗೆದ್ರಾ?’ ಅರ್ಧ ಹೌದು, ಅರ್ಧ ಇಲ್ಲ. ಯಾವುದು ಕಾಡು, ಯಾವುದು ಲಂಡನ್ನಿನ ತೊಟ್ಟಿ ಅಂತ ಹುಡುಕುವುದರಲ್ಲೇ ನನಗೆ ಈ ಸಿನಿಮಾದ ಅರ್ಧ ಮಜಾ ಸಿಕ್ಕಿದೆ. ಕೆಳಗೆ ಕಥೆಯ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ. ಇನ್ನೂ ನೋಡದವರು ನೋಡಿಕೊಂಡು ಬನ್ನಿ, ಒಂದು ಮುಕ್ಕಾಲು ಗಂಟೆ ಅಷ್ಟೇ.

ಕಥೆ ಏನು, ಚುಟುಕಾಗಿ ಹೇಳ್ತೀರಾ?

1914ರ ಸೆಪ್ಟೆಂಬರ್. ಜಾಗ ಜರ್ಮನ್ ಪೂರ್ವ ಆಫ್ರಿಕಾ. ಕುಂಗ್ಡು ಎಂಬ ಹಳ್ಳಿಯಲ್ಲಿ ಸ್ಯಾಮ್ಯುಯೆಲ್ ಸೇಯರ್ ಎಂಬ ಇಂಗ್ಲಿಷ್ ಪಾದ್ರಿ, ಅವನ ತಂಗಿ ರೋಸ್ ಇದ್ದಾರೆ. ಮೊದಲ ಮಹಾಯುದ್ಧ ಶುರುವಾಗುತ್ತದೆ, ಜರ್ಮನ್ ಸೈನ್ಯ ಬಂದು ಹಳ್ಳಿಗೆ ಬೆಂಕಿ ಇಡುತ್ತದೆ. ಅಣ್ಣ ಅದೇ ಆಘಾತದಲ್ಲಿ ಬುದ್ಧಿ ಕೆಟ್ಟು ಸಾಯುತ್ತಾನೆ. ಟಪಾಲು, ಸಾಮಾನು ತಂದುಕೊಡುವ ಹಳೇ ಸ್ಟೀಮ್ ದೋಣಿಯ ಚಾರ್ಲಿ ಆಲ್ನಟ್ ರೋಸ್‌ಳನ್ನು ಕರೆದುಕೊಂಡು ಹೊರಡುತ್ತಾನೆ. ಆ ದೋಣಿಯ ಹೆಸರೇ ‘ಆಫ್ರಿಕನ್ ಕ್ವೀನ್’. ಚಾರ್ಲಿಗೆ ಎಲ್ಲಾದರೂ ಅಡಗಿಕೊಂಡು ಜಿನ್ ಕುಡಿಯುತ್ತಾ ಯುದ್ಧ ಮುಗಿಯುವ ತನಕ ಕಾಯುವ ಆಸೆ. ರೋಸ್‌ಗೆ ನದಿ ಇಳಿದು ಹೋಗಿ, ಕೆರೆ ಕಾಯುತ್ತಿರುವ ಜರ್ಮನ್ ಯುದ್ಧನೌಕೆ ‘ಲೂಯಿಸಾ’ವನ್ನು ಮುಳುಗಿಸುವ ಹಟ. ಆಮ್ಲಜನಕದ ಸಿಲಿಂಡರು, ಸಿಡಿಮದ್ದು ಸೇರಿಸಿ ದೋಣಿಯಲ್ಲೇ ಟಾರ್ಪಿಡೋ ಮಾಡುತ್ತಾರೆ. ಹಾದಿಯಲ್ಲಿ ಜಗಳ, ಮಳೆ, ಸೊಳ್ಳೆ, ಜಿಗಣೆ, ಮುರಿದ ಪ್ರೊಪೆಲರ್, ಕೊನೆಗೆ ಪ್ರೀತಿ.

ರೋಸ್ ಅವನ ಜಿನ್ ಬಾಟಲಿಗಳನ್ನು ಒಂದೊಂದಾಗಿ ನದಿಗೆ ಸುರಿಯುವ ದೃಶ್ಯ ನೆನಪಿನಲ್ಲಿರಲಿ. ಕೆಳಗೆ ವಿಸ್ಕಿಯ ಮಾತು ಬಂದಾಗ ಅದು ಬೇಕಾಗುತ್ತದೆ.

ಕಾದಂಬರಿಯಲ್ಲೂ ಕಥೆ ಹೀಗೇನಾ?

ಸಿ. ಎಸ್. ಫಾರೆಸ್ಟರ್ 1935ರಲ್ಲಿ ಬರೆದ ಕಾದಂಬರಿ ಇದು. ದಾರಿ ಹೆಚ್ಚುಕಮ್ಮಿ ಅದೇ, ಮುಕ್ತಾಯ ಬೇರೆ. ಪುಸ್ತಕದಲ್ಲಿ ಇವರ ದೋಣಿ ಬಿರುಗಾಳಿಗೆ ಸಿಕ್ಕಿ ಮುಳುಗುತ್ತದೆ, ಟಾರ್ಪಿಡೋ ಕೆಲಸಕ್ಕೇ ಬರುವುದಿಲ್ಲ. ಜರ್ಮನ್ ನೌಕೆಯನ್ನು ಮುಳುಗಿಸುವುದು ಬ್ರಿಟಿಷ್ ನೌಕಾಪಡೆಯ ದೋಣಿಗಳು. ಅಷ್ಟೆಲ್ಲ ಕಷ್ಟಪಟ್ಟವರ ಕೈಗೆ ಕೊನೆಗೆ ಏನೂ ಸಿಗುವುದಿಲ್ಲ. ಸಿನಿಮಾದಲ್ಲಿ ಹಾಗೆ ಮಾಡಿದ್ದರೆ ಜನ ಬೈದುಕೊಂಡು ಎದ್ದು ಹೋಗುತ್ತಿದ್ದರೇನೋ. ಇಲ್ಲಿ ಇಬ್ಬರೂ ಸೆರೆ ಸಿಗುತ್ತಾರೆ. ಗಲ್ಲಿಗೆ ಹಾಕುವ ಮುಂಚೆ ನಮ್ಮಿಬ್ಬರಿಗೆ ಮದುವೆ ಮಾಡಿಸಿ ಅಂತ ಚಾರ್ಲಿ ಜರ್ಮನ್ ಕ್ಯಾಪ್ಟನ್‌ನನ್ನು ಕೇಳುತ್ತಾನೆ. ಅಷ್ಟರಲ್ಲಿ ಮಗುಚಿ ತೇಲುತ್ತಿದ್ದ ‘ಕ್ವೀನ್’ಗೆ ಲೂಯಿಸಾ ತಾನೇ ಹೋಗಿ ಡಿಕ್ಕಿ ಹೊಡೆಯುತ್ತದೆ.

ಚಿತ್ರಕಥೆ ಬರೆದವರು ಜೇಮ್ಸ್ ಏಜೀ ಮತ್ತು ನಿರ್ದೇಶಕ ಜಾನ್ ಹ್ಯೂಸ್ಟನ್. ಏಜೀ ಹೆಸರಾಂತ ಸಿನಿಮಾ ವಿಮರ್ಶಕ, ಹ್ಯೂಸ್ಟನ್ ಬಗ್ಗೆ ಪತ್ರಿಕೆಯಲ್ಲಿ ಉದ್ದದ ಲೇಖನ ಬರೆದವರು. ಇಬ್ಬರೂ ಹಗಲು ಟೆನಿಸ್ ಆಡುವುದು, ರಾತ್ರಿ ಬರೆಯುವುದು. 1951ರ ಜನವರಿಯಲ್ಲಿ ಏಜೀಗೆ ಹೃದಯಾಘಾತವಾಯಿತು. ಆಫ್ರಿಕಾಕ್ಕೆ ಹೋಗುವ ಮಾತೇ ಇರಲಿಲ್ಲ. ಕೊನೆಯ ಭಾಗ ಬರೆಯಲು ಹ್ಯೂಸ್ಟನ್ ಜೊತೆ ಹೋದದ್ದು ಪೀಟರ್ ವಿಯೆರ್ಟೆಲ್. ತೆರೆಯ ಮೇಲೆ ಅವರ ಹೆಸರಿಲ್ಲ.

ಇನ್ನೊಂದು ಬದಲಾವಣೆ ಚಾರ್ಲಿಯದು. ಪುಸ್ತಕದಲ್ಲಿ ಅವನು ಲಂಡನ್ನಿನ ಕಾಕ್ನಿ, ಅಂದರೆ ಅಲ್ಲಿನ ದುಡಿಯುವ ಜನರ ಆಡುಮಾತಿನವನು. ಚಾರ್ಲಿಯಾಗಿ ನಟಿಸಿದ ಹಂಫ್ರಿ ಬೊಗಾರ್ಟ್ ಬಾಯಲ್ಲಿ ಆ ಮಾತಿನ ಧಾಟಿ ಬರುವುದಿಲ್ಲ ಅಂತ ಅವನನ್ನು ಕೆನಡಾದವನನ್ನಾಗಿ ಮಾಡಿದರು. ಒಳ್ಳೆಯದೇ ಆಯಿತು.

ಆ ಕಾಲದಲ್ಲಿ ಮದುವೆಯಾಗದ ಗಂಡು ಹೆಣ್ಣು ಒಂದೇ ದೋಣಿಯಲ್ಲಿ ಇರುವುದಕ್ಕೆ ಸೆನ್ಸಾರ್ ಒಪ್ಪಿತಾ?

ಸುಲಭಕ್ಕೆ ಒಪ್ಪಲಿಲ್ಲ. ಹಾಲಿವುಡ್ಡಿನ ಸೆನ್ಸಾರ್ ಕಚೇರಿ ಚಿತ್ರಕಥೆ ಓದಿಯೇ ತಕರಾರು ತೆಗೆದಿತ್ತು. ಅದಕ್ಕೇ ಅವರ ಪ್ರೀತಿಯನ್ನು ಹೆಚ್ಚಾಗಿ ಕಣ್ಣಲ್ಲೇ ತೋರಿಸಿದ್ದಾರೆ. ಬೆಳಗ್ಗೆ ಎದ್ದು ಟೀ ಕೊಡುವಾಗ ರೋಸ್ ಅವನನ್ನು ನೋಡುವ ರೀತಿ ನೋಡಿ, ಎಲ್ಲ ಗೊತ್ತಾಗುತ್ತದೆ.

ಇದು ನಿಜವಾಗಿ ನಡೆದ ಘಟನೆನಾ?

ರೋಸ್, ಚಾರ್ಲಿ ಇಬ್ಬರೂ ಕಲ್ಪನೆ. ಆದರೆ ಕೆರೆ ಕಾಯುವ ಜರ್ಮನ್ ಹಡಗಿನ ಹಿಂದೆ ನಿಜವಾದ ಹಡಗೊಂದಿದೆ. ಅದರ ಕಥೆ ಸಿನಿಮಾಗಿಂತ ಒಂದು ಕೈ ಮೇಲೆ.

ಅದರ ಹೆಸರು ‘ಗ್ರಾಫ್ ಫಾನ್ ಗೋಟ್ಸೆನ್’. 1913ರಲ್ಲಿ ಜರ್ಮನಿಯ ಪಾಪೆನ್‌ಬರ್ಗ್‌ನಲ್ಲಿ ಕಟ್ಟಿ, ಮತ್ತೆ ಬಿಚ್ಚಿ, ಸುಮಾರು 5000 ಪೆಟ್ಟಿಗೆಗಳಲ್ಲಿ ತುಂಬಿ ದಾರ್ ಎಸ್ ಸಲಾಮ್‌ಗೆ ಕಳಿಸಿದರು. ಅಲ್ಲಿಂದ ರೈಲಿನಲ್ಲಿ ಟ್ಯಾಂಗನಿಕಾ ಕೆರೆಯ ದಡದ ಕಿಗೋಮಾಕ್ಕೆ. ಅಲ್ಲಿ ಮತ್ತೆ ಜೋಡಿಸಿ 1915ರಲ್ಲಿ ನೀರಿಗಿಳಿಸಿದರು. ಕೆರೆಯ ಮೇಲೆ ಜರ್ಮನ್ನರದೇ ದರ್ಬಾರು.

ಅವರನ್ನು ಎದುರಿಸಲು ಬ್ರಿಟಿಷರು ಕಳಿಸಿದ್ದು ಎರಡೇ ಎರಡು ಮೋಟಾರು ದೋಣಿ, ತಲಾ 40 ಅಡಿ. ಹೆಸರು ‘ಮಿಮಿ’ ಮತ್ತು ‘ಟೂಟೂ’. ಕೇಪ್‌ಟೌನ್‌ನಿಂದ ರೈಲಿನಲ್ಲಿ ಬಂದು, ರೈಲು ಮುಗಿದ ಮೇಲೆ ಸ್ಟೀಮ್ ಟ್ರ್ಯಾಕ್ಟರು ಮತ್ತು ಎತ್ತುಗಳಿಂದ ಬೆಟ್ಟ ದಾಟಿಸಿ, ಮುಂದೆ ಲುವಾಲಾಬಾ ನದಿಯಲ್ಲಿ ಸಾಗಿಸಿ, ಕೊನೆಗೆ ಕೆರೆ ಮುಟ್ಟಿಸಿದರು. ಕಮಾಂಡರ್ ಜೆಫ್ರಿ ಸ್ಪೈಸರ್ ಸಿಮ್ಸನ್. 1915ರ ಡಿಸೆಂಬರ್ 26ರಂದು ಈ ಪುಟಾಣಿ ದೋಣಿಗಳು ‘ಕಿಂಗಾನಿ’ ಎಂಬ ಜರ್ಮನ್ ದೋಣಿಯನ್ನು ಹಿಡಿದವು. ಮುಂದಿನ ಫೆಬ್ರವರಿಯಲ್ಲಿ ಇನ್ನೊಂದನ್ನು ಮುಳುಗಿಸಿದವು.

ಗೋಟ್ಸೆನ್ ಮಾತ್ರ ಇವರ ಕೈಗೆ ಸಿಗಲಿಲ್ಲ. 1916ರ ಜುಲೈನಲ್ಲಿ ಜರ್ಮನ್ನರೇ ಅದನ್ನು ಮುಳುಗಿಸಿದರು. ಮುಳುಗಿಸುವ ಮುಂಚೆ ಎಂಜಿನ್ನಿಗೆ ದಪ್ಪಗೆ ಗ್ರೀಸ್ ಬಳಿದರು, ಮುಂದೊಂದು ದಿನ ಎತ್ತಿದರೆ ಉಪಯೋಗಕ್ಕೆ ಬರಲಿ ಅಂತ. ಬಂತು! 1924ರಲ್ಲಿ ಬ್ರಿಟಿಷರು ಮೇಲೆತ್ತಿದರು. 1927ರಿಂದ ‘ಲಿಯೆಂಬಾ’ ಅನ್ನುವ ಹೆಸರಿನಲ್ಲಿ ಅದೇ ಕೆರೆಯಲ್ಲಿ ಜನರನ್ನು, ಸಾಮಾನನ್ನು ಹೊತ್ತು ತಿರುಗಿತು. ನೂರನೇ ವಯಸ್ಸಿನಲ್ಲೂ ಕೆಲಸ ಮಾಡುತ್ತಿತ್ತು.

ಒಂದು ಕಾಕತಾಳೀಯ ಹೇಳದೆ ಮುಂದೆ ಹೋಗಲಾರೆ. ಸಿನಿಮಾ ಮೊದಲು ತೆರೆ ಕಂಡದ್ದು 1951ರ ಡಿಸೆಂಬರ್ 26ರಂದು. ಕಿಂಗಾನಿ ಸಿಕ್ಕಿಬಿದ್ದು ಆ ದಿನಕ್ಕೆ ಸರಿಯಾಗಿ 36 ವರ್ಷ.

ಬೊಗಾರ್ಟ್ ಮತ್ತು ರೋಸ್ ಪಾತ್ರದ ಕ್ಯಾಥರೀನ್ ಹೆಪ್‌ಬರ್ನ್ ಮೊದಲಿನಿಂದಲೂ ಗೊತ್ತಾದ ಜೋಡಿನಾ?

ಅಲ್ಲ. ಕಾದಂಬರಿಯ ಹಕ್ಕು ಹದಿನೈದು ವರ್ಷ ಕೈಯಿಂದ ಕೈಗೆ ಹೋಗಿದೆ. ಮೊದಲು ಕೊಲಂಬಿಯಾ ಕಂಪನಿ ಚಾರ್ಲ್ಸ್ ಲಾಟನ್ ಮತ್ತು ಅವರ ಹೆಂಡತಿ ಎಲ್ಸಾ ಲ್ಯಾಂಚೆಸ್ಟರ್‌ಗಾಗಿ ಕೊಂಡಿತ್ತು. ಆಮೇಲೆ ವಾರ್ನರ್ ಬ್ರದರ್ಸ್ ಬೆಟ್ಟಿ ಡೇವಿಸ್‌ಗಾಗಿ ತೆಗೆದುಕೊಂಡಿತು. ಯಾವುದೂ ಕೈಗೂಡಲಿಲ್ಲ. ಕೊನೆಗೆ ನಿರ್ಮಾಪಕ ಸ್ಯಾಮ್ ಸ್ಪೀಗೆಲ್ 50,000 ಡಾಲರಿಗೆ ವಾರ್ನರ್‌ನಿಂದ ಕೊಂಡರು.

ಆ ದುಡ್ಡೂ ಅವರ ಹತ್ತಿರ ಇರಲಿಲ್ಲ! ಸಿನಿಮಾಗಳಿಗೆ ಧ್ವನಿ ಸಲಕರಣೆ ಒದಗಿಸುವ ಕಂಪನಿಯೊಂದರಿಂದ ಸಾಲ ತಂದರು. ನಿಮ್ಮ ಸಲಕರಣೆಯನ್ನೇ ಬಳಸುತ್ತೇವೆ, ತೆರೆಯ ಮೇಲೆ ಹೆಸರು ಹಾಕುತ್ತೇವೆ ಅಂತ ಒಪ್ಪಿಸಿದರಂತೆ. ನಂತರ ಲಂಡನ್ನಿನ ರೋಮುಲಸ್ ಫಿಲ್ಮ್ಸ್‌ನ ವುಲ್ಫ್ ಸಹೋದರರು ಬಂಡವಾಳ ಹಾಕಿದರು. ಚಿತ್ರೀಕರಣ ನಡೆಯುವಾಗಲೂ ದುಡ್ಡಿನ ಎಳೆದಾಟ ತಪ್ಪಿರಲಿಲ್ಲ.

ಬೊಗಾರ್ಟ್‌ಗೆ ಆಗ 51 ವರ್ಷ. ಹೆಪ್‌ಬರ್ನ್ ಚಿತ್ರೀಕರಣದ ಸಮಯದಲ್ಲೇ 44ಕ್ಕೆ ಕಾಲಿಟ್ಟರು. ಸಾಹಸದ ಸಿನಿಮಾಕ್ಕೆ ಇಷ್ಟು ವಯಸ್ಸಾದ ನಾಯಕ ನಾಯಕಿ ಯಾಕೆ ಅಂತ ಆಗ ಮೂಗು ಮುರಿದವರಿದ್ದರು. ಇವತ್ತು ನೋಡಿದರೆ ಸಿನಿಮಾದ ಜೀವವೇ ಅದು. ಅರ್ಧ ಆಯಸ್ಸು ಒಂಟಿಯಾಗಿ ಕಳೆದ ಇಬ್ಬರು ಮೊದಲ ಸಲ ನಾಚಿಕೊಳ್ಳುವುದನ್ನು ಇಪ್ಪತ್ತರ ಹುಡುಗ ಹುಡುಗಿ ಮಾಡಿ ತೋರಿಸಲು ಆಗುತ್ತಿತ್ತಾ? ಇವರಿಬ್ಬರೂ ಜೊತೆಯಾಗಿ ನಟಿಸಿದ್ದು ಇದೊಂದೇ ಚಿತ್ರದಲ್ಲಿ.

ಟೈಟಲ್‌ನಲ್ಲಿ ‘ಎಸ್. ಪಿ. ಈಗಲ್’ ಅಂತ ಬರುತ್ತೆ, ಯಾರು ಅದು?

ಸ್ಪೀಗೆಲ್ಲೇ. ತಮ್ಮ ಹೆಸರನ್ನೇ ಮುರಿದು ಹದ್ದು ಮಾಡಿಕೊಂಡಿದ್ದರು. 1950ರ ದಶಕದ ನಡುವಿನ ತನಕ ಅದೇ ಹೆಸರು. ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ ಬರುವ ಹೊತ್ತಿಗೆ ಧೈರ್ಯವಾಗಿ ಸ್ವಂತ ಹೆಸರು ಹಾಕಿಕೊಳ್ಳುತ್ತಿದ್ದರು.

ಸ್ಟುಡಿಯೋದಲ್ಲೇ ತೆಗೆಯಬಹುದಿತ್ತಲ್ಲ, ಕಾಂಗೋಗೇ ಯಾಕೆ ಹೋದರು?

ಆಗಿನ ಹಾಲಿವುಡ್‌ನಲ್ಲಿ ಕಾಡು ಅಂದರೆ ಕುಂಡದಲ್ಲಿಟ್ಟ ಬಾಳೆಗಿಡ. ಹ್ಯೂಸ್ಟನ್‌ಗೆ ಅದು ಬೇಡವಾಗಿತ್ತು. ನಟರು ನಿಜವಾಗಿ ಬೆವರಬೇಕು, ನಿಜವಾಗಿ ಸುಸ್ತಾಗಬೇಕು ಅನ್ನುವುದು ಅವರ ಲೆಕ್ಕ. ಆನೆ ಬೇಟೆಯ ಆಸೆಯೂ ಒಳಗೆ ಇತ್ತು, ಅದಕ್ಕೆ ಆಮೇಲೆ ಬರೋಣ.

ವಿಮಾನದಲ್ಲಿ ಸುತ್ತಾಡಿ ಅವರು ಆರಿಸಿದ ನದಿ ರುಯಿಕಿ. ಲುವಾಲಾಬಾಕ್ಕೆ ಸೇರುವ ಸಣ್ಣ ನದಿ. ಕೊಳೆತ ಎಲೆಗಳ ಬಣ್ಣ ಇಳಿದು ನೀರು ಕಡು ಕಪ್ಪು, ಎರಡೂ ಕಡೆ ಕಾಡು ಬಾಗಿಕೊಂಡಿರುತ್ತದೆ. ಲುವಾಲಾಬಾ ಹೆಸರು ಮೇಲೆ ಬಂತಲ್ಲ? ಮಿಮಿ, ಟೂಟೂ ಸಾಗಿದ ಅದೇ ನದಿ. ಅವು ಹೋದದ್ದು ಇಲ್ಲಿಂದ ತುಂಬಾ ಮೇಲಕ್ಕೆ.

ಅಲ್ಲಿಗೆ ಹೋಗುವುದೇ ಒಂದು ಸಿನಿಮಾ. ಬೆಲ್ಜಿಯನ್ ಕಾಂಗೋದ ಸ್ಟ್ಯಾನ್ಲಿವಿಲ್, ಅಂದರೆ ಇವತ್ತಿನ ಕಿಸಂಗಾನಿಯವರೆಗೆ ವಿಮಾನ. ಅಲ್ಲಿಂದ 125 ಕಿಲೋಮೀಟರ್ ರೈಲು, ಪೊಂಥಿಯರ್‌ವಿಲ್‌ಗೆ. ಈಗ ಅದರ ಹೆಸರು ಉಬುಂಡು. ನಡುವೆ ನದಿಯಲ್ಲಿ ಜಲಪಾತಗಳಿರುವುದರಿಂದಲೇ ಆ ರೈಲು ಹಾಕಿದ್ದು. ಮುಂದೆ ರಸ್ತೆ, ಆಮೇಲೆ ನದಿ ದಾಟಿ ಬಿಯೊಂಡೋ ಎಂಬ ಜಾಗ. ಅಲ್ಲಿ ಊಟದ ಮನೆ, ಬಾರು, ಮಲಗುವ ಗುಡಿಸಲು ಎಲ್ಲವನ್ನೂ ಸ್ಥಳೀಯರು ಬಿದಿರು, ತಾಳೆಗರಿಯಲ್ಲಿ ಕಟ್ಟಿಕೊಟ್ಟರು.

ಒಂದು ರಾತ್ರಿ ಆ ಶಿಬಿರಕ್ಕೆ ಇರುವೆ ನುಗ್ಗಿತು. ನಮ್ಮ ಅಡುಗೆಮನೆ ಇರುವೆಯಲ್ಲ, ಸಾಲುಗಟ್ಟಿ ಬಂದು ಸಿಕ್ಕಿದ್ದನ್ನೆಲ್ಲ ತಿಂದು ಹೋಗುವ ಜಾತಿ. ಮಲಗಿದ್ದವರು ಎದ್ದು ಕುಣಿದಾಡುವ ಹಾಗಾಯಿತು. ಬೆಂಕಿ, ಸೀಮೆಎಣ್ಣೆ ಹಿಡಿದು ತಡೆಯಬೇಕಾಯಿತು.

ಕಾಂಗೋ ಮುಗಿಸಿ ತಂಡ ಉಗಾಂಡಾಕ್ಕೆ ಹೋಯಿತು. ಆಲ್ಬರ್ಟ್ ಕೆರೆಯ ಬುಟಿಯಾಬಾ ಬಂದರು, ನೈಲ್ ನದಿಯ ಮರ್ಚಿಸನ್ ಜಲಪಾತದ ಸುತ್ತ ಉಳಿದ ಕೆಲಸ. ಮೊಸಳೆ, ನೀರಾನೆ ಇರುವ ಜಾಗ ಅದು.

ಆ ಪುಟ್ಟ ದೋಣಿಯಲ್ಲಿ ಕ್ಯಾಮೆರಾ ಎಲ್ಲಿ ಇಟ್ಟರು?

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ನಿಜವಾದ ದೋಣಿಯ ಉದ್ದ ಸುಮಾರು 30 ಅಡಿ. ನಡುವೆ ಬಾಯ್ಲರು, ಎಂಜಿನ್ನು, ಸೌದೆ. ಇಬ್ಬರು ನಟರು ಕೂತರೆ ಜಾಗ ಮುಗಿಯಿತು. ಕ್ಯಾಮೆರಾ ನೋಡಿದರೆ ಬಣ್ಣದ ಸಿನಿಮಾ ತೆಗೆಯುವ ಟೆಕ್ನಿಕಲರ್‌ನದು. ಆಗಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಒಟ್ಟಿಗೇ ಮೂರು ಫಿಲ್ಮ್ ಓಡುತ್ತಿದ್ದವು. ಮಸೂರದಿಂದ ಬಂದ ಬೆಳಕನ್ನು ಪಟ್ಟಕವೊಂದು ಸೀಳಿ ಕೆಂಪು, ಹಸಿರು, ನೀಲಿ ಪಾಲುಗಳನ್ನು ಬೇರೆ ಬೇರೆ ಫಿಲ್ಮಿಗೆ ಕಳಿಸುತ್ತಿತ್ತು. ಅದರ ಸದ್ದು ಅಡಗಿಸಲು ಮೇಲೊಂದು ದೊಡ್ಡ ಪೆಟ್ಟಿಗೆ. ಎತ್ತಲು ನಾಲ್ಕಾರು ಜನ ಬೇಕು. ಬೆಳಕು ಬೇರೆ ಜಾಸ್ತಿ ಬೇಕು, ಕಾಡಿನಲ್ಲೋ ನೆರಳು. ಹಾಗಾಗಿ ದೊಡ್ಡ ಆರ್ಕ್ ದೀಪ, ಅದಕ್ಕೆ ಜನರೇಟರ್.

ಇಷ್ಟನ್ನೂ ನದಿಯಲ್ಲಿ ಕೊಂಡೊಯ್ಯಲು ತೆಪ್ಪಗಳ ಮೆರವಣಿಗೆ ಮಾಡಿದರು. ಒಂದು ತೆಪ್ಪದ ಮೇಲೆ ‘ಕ್ವೀನ್’ನ ನಕಲು ಕಟ್ಟಿ, ಕ್ಯಾಮೆರಾವನ್ನೂ ಅದರ ಮೇಲೇ ಇಟ್ಟರು. ನಕಲಿನ ಯಾವ ಭಾಗ ಬೇಕಾದರೂ ತೆಗೆದು ಪಕ್ಕಕ್ಕಿಡಬಹುದು, ಕ್ಯಾಮೆರಾಕ್ಕೆ ಜಾಗ ಸಿಗುತ್ತದೆ. ಎರಡನೇ ತೆಪ್ಪದಲ್ಲಿ ದೀಪಗಳು. ಮೂರನೆಯದರಲ್ಲಿ ಜನರೇಟರ್. ಕೊನೆಯದು ಹೆಪ್‌ಬರ್ನ್ ಅವರ ಬಟ್ಟೆ ಬದಲಿಸುವ ಕೋಣೆ, ಆಳೆತ್ತರದ ಕನ್ನಡಿ, ಶೌಚದ ವ್ಯವಸ್ಥೆ. ಎಳೆಯಲು ಒಂದು ಮೋಟಾರು ದೋಣಿ. ತಿರುವು ಬಂದಾಗ ಮೊದಲ ತೆಪ್ಪ ಒಂದು ದಿಕ್ಕಿಗೆ, ಕೊನೆಯದು ಇನ್ನೊಂದು ದಿಕ್ಕಿಗೆ. ದಡದ ಕೊಂಬೆಗೆ ಸಿಕ್ಕಿ ದೀಪ ಬೀಳುವುದು, ನಕಲು ಬಾಯ್ಲರ್ ವಾಲುವುದು ಎಲ್ಲ ಆಯಿತು. ಭಾರ ತಡೆಯದೆ ಕೊನೆಗೆ ಕೈಬಿಟ್ಟಿದ್ದು ಹೆಪ್‌ಬರ್ನ್ ತೆಪ್ಪವನ್ನೇ. ಅವರು ಕಾಡಿಗೆ ನಡೆಯಬೇಕಾಯಿತು.

ಇನ್ನೂ ಒಂದು ಕಷ್ಟವಿತ್ತು. ತೆಗೆದ ಫಿಲ್ಮ್ ತೊಳೆಯಲು ಲಂಡನ್ನಿಗೆ ಹೋಗಬೇಕು. ಇವತ್ತಿನ ಹಾಗೆ ಮಾನಿಟರ್‌ನಲ್ಲಿ ನೋಡಿಕೊಂಡು ‘ಇನ್ನೊಂದು ಟೇಕ್’ ಅನ್ನುವ ಅನುಕೂಲ ಇರಲಿಲ್ಲ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ತಮ್ಮ ಕಣ್ಣನ್ನೇ ನಂಬಿ ಕೆಲಸ ಮಾಡಿದರು.

ಕಾರ್ಡಿಫ್‌ಗೂ ಮೈಸೂರಿಗೂ ಏನೋ ಸಂಬಂಧ ಇದೆ ಅಂತಾರಲ್ಲ, ಏನದು?

ಈ ಸಿನಿಮಾಕ್ಕೆ ನೇರವಾಗಿ ಇಲ್ಲ. ಕಾರ್ಡಿಫ್‌ಗೆ ಆಸ್ಕರ್ ತಂದುಕೊಟ್ಟ ಚಿತ್ರ 1947ರ ‘ಬ್ಲ್ಯಾಕ್ ನಾರ್ಸಿಸಸ್’. ಅದರಲ್ಲಿ ರಾಜಕುಮಾರನ ಪಾತ್ರ ಮಾಡಿದವರು ನಮ್ಮ ಸಾಬು. ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ ಮಾವುತರ ಮಗ, ‘ಎಲಿಫೆಂಟ್ ಬಾಯ್’ ಮೂಲಕ ಜಗತ್ತಿಗೆ ಗೊತ್ತಾದ ಹುಡುಗ. ತಮಾಷೆ ನೋಡಿ, ಆ ಚಿತ್ರ ನಡೆಯುವುದು ಹಿಮಾಲಯದಲ್ಲಿ, ತೆಗೆದದ್ದು ಇಂಗ್ಲೆಂಡಿನ ಸ್ಟುಡಿಯೋದಲ್ಲಿ. ಹಿಮಾಲಯವನ್ನು ಬಣ್ಣದ ಪರದೆಯಲ್ಲಿ ನಂಬಿಸಿದ ಮನುಷ್ಯನಿಗೆ ನಾಲ್ಕು ವರ್ಷದ ಮೇಲೆ ನಿಜವಾದ ಕಾಡು ಸಿಕ್ಕಿತು, ಜೊತೆಗೆ ಮಲೇರಿಯಾ.

ದೋಣಿ ಮುಳುಗಿಹೋಗಿತ್ತಂತೆ, ನಿಜಾನಾ?

ನಿಜ. ರುಯಿಕಿಯಲ್ಲಿ ಒಂದು ರಾತ್ರಿ ‘ಕ್ವೀನ್’ ತಳ ಕಂಡಿತು. ಕ್ರೇನು ಎಲ್ಲಿಂದ ತರುವುದು? ಸ್ಥಳೀಯರು ಹಗ್ಗ ಹಾಕಿ ಕೈಯಿಂದಲೇ ಎಳೆದು ಮೇಲೆ ತಂದರು.

ಇದರ ಬಾಲಕ್ಕೆ ಒಂದು ಜೋಕು ಅಂಟಿದೆ. ದೋಣಿ ನೋಡಿಕೊಳ್ಳಿ ಅಂತ ಕಾವಲುಗಾರರಿಗೆ ಹೇಳಿದ್ದರಂತೆ, ಅವರು ಮುಳುಗುವುದನ್ನು ನೋಡುತ್ತಾ ಕೂತರಂತೆ. ಎಲ್ಲರೂ ನಗುತ್ತಾ ಹೇಳುವ ಕಥೆ. ಮುಳುಗಿದ್ದನ್ನು ಎತ್ತಿದವರೂ ಅವರೇ ಅನ್ನುವುದು ಮಾತ್ರ ಜೋಕಿನಲ್ಲಿ ಬರುವುದಿಲ್ಲ.

ಎಲ್ಲರಿಗೂ ಕಾಯಿಲೆ ಬಂದು, ವಿಸ್ಕಿ ಕುಡಿದ ಇಬ್ಬರೇ ಉಳಿದರು ಅಂತಾರೆ?

ಸಿನಿಮಾಕ್ಕಿಂತ ಈ ಮಾತೇ ಹೆಚ್ಚು ಪ್ರಸಿದ್ಧ. ಆಮಶಂಕೆ, ಮಲೇರಿಯಾ ತಂಡವನ್ನು ಹಾಸಿಗೆಗೆ ಕೆಡವಿದ್ದು ನಿಜ. ಉಗಾಂಡಾದಲ್ಲಿ ತಂಡ ‘ಲುಗಾರ್ಡ್ 2’ ಎಂಬ ಹಳೇ ಸ್ಟೀಮರಿನಲ್ಲಿ ಉಳಿದುಕೊಂಡಿತ್ತು. ಅಲ್ಲಿ ಕುಡಿಯುವ ನೀರೇ ಕೆಟ್ಟಿತ್ತು. ಬೊಗಾರ್ಟ್, ಹ್ಯೂಸ್ಟನ್ ಇಬ್ಬರಿಗೂ ಏನೂ ಆಗಲಿಲ್ಲ. ತಾನು ತಿಂದದ್ದು ಡಬ್ಬಿಯ ಬೀನ್ಸು, ಡಬ್ಬಿಯ ತರಕಾರಿ, ಕುಡಿದದ್ದು ಸ್ಕಾಚು, ನಮ್ಮನ್ನು ಕಚ್ಚಿದ ನೊಣ ಸತ್ತು ಬೀಳುತ್ತಿತ್ತು ಅಂತ ಬೊಗಾರ್ಟ್ ಆಮೇಲೆ ಜಂಬ ಕೊಚ್ಚಿಕೊಂಡರು.

ವಿಸ್ಕಿ ಔಷಧ ಅಂತ ಯಾರೂ ಅಂದುಕೊಳ್ಳಬೇಡಿ. ಅವರು ಆ ನೀರು ಮುಟ್ಟಲಿಲ್ಲ, ಅಷ್ಟೇ ಗುಟ್ಟು. ಇವರ ಕುಡಿತ ಕಂಡು ಬೇಸತ್ತಿದ್ದ ಹೆಪ್‌ಬರ್ನ್, ನಾನು ನೀರೇ ಕುಡಿಯುತ್ತೇನೆ ಅಂತ ಹಟ ಹಿಡಿದರು. ಎಲ್ಲರಿಗಿಂತ ಹೆಚ್ಚು ಕಾಯಿಲೆ ಬಿದ್ದವರೂ ಅವರೇ. ಶುರುವಿನಲ್ಲಿ ರೋಸ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾಳಲ್ಲ, ಆ ದೃಶ್ಯ ತೆಗೆಯುವಾಗ ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಬಕೆಟ್ ಇಟ್ಟಿದ್ದರು. ಟೇಕ್ ಮುಗಿಯುವುದು, ವಾಂತಿ, ಮತ್ತೆ ಟೇಕ್. ತೆರೆಯ ಮೇಲೆ ಜಿನ್ ಸುರಿದ ರೋಸ್ ಗೆದ್ದಳು. ತೆರೆಯ ಹಿಂದೆ ಬಾಟಲಿ ಗೆದ್ದಿತು.

ಬೊಗಾರ್ಟ್ ಹೆಂಡತಿ ಲಾರೆನ್ ಬಕಾಲ್ ಕೂಡ ಜೊತೆಗೆ ಹೋಗಿದ್ದರು. ಆಗಲೇ ದೊಡ್ಡ ನಟಿ, ಆದರೆ ಇಲ್ಲಿ ಪಾತ್ರವಿಲ್ಲ. ಶಿಬಿರದಲ್ಲಿ ಊಟದ ವ್ಯವಸ್ಥೆ, ಕಾಯಿಲೆಯವರ ಆರೈಕೆ ನೋಡಿಕೊಂಡರು.

ಎಲೀನರ್ ರೂಸ್‌ವೆಲ್ಟ್‌ಗೂ ಈ ಸಿನಿಮಾಕ್ಕೂ ಏನು ಸಂಬಂಧ?

ಮೊದಲ ದಿನಗಳಲ್ಲಿ ಹೆಪ್‌ಬರ್ನ್ ರೋಸ್‌ಳನ್ನು ತೀರಾ ಗಂಟುಮೋರೆಯವಳನ್ನಾಗಿ ಆಡುತ್ತಿದ್ದರು. ಹ್ಯೂಸ್ಟನ್ ಒಂದು ಬೆಳಗ್ಗೆ ಅವರ ಗುಡಿಸಲಿಗೆ ಹೋಗಿ ಒಂದೇ ಮಾತು ಹೇಳಿದರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಆಸ್ಪತ್ರೆಗೆ ಹೋಗಿ ಗಾಯಗೊಂಡ ಸೈನಿಕರನ್ನು ನೋಡುವಾಗ ನಗುತ್ತಾರಲ್ಲ, ಆ ನಗು ತನ್ನಿ. ಒಳಗೆ ಎಷ್ಟೇ ಕಷ್ಟವಿದ್ದರೂ ಎದುರಿಗಿರುವವರಿಗೆ ಧೈರ್ಯ ಕೊಡುವ ನಗು. ಹೆಪ್‌ಬರ್ನ್ ಮರುಮಾತಾಡದೆ ಪಾತ್ರವನ್ನೇ ಬದಲಿಸಿದರು. ತಾನು ಕೇಳಿದ ಅತ್ಯುತ್ತಮ ನಿರ್ದೇಶನ ಇದೇ ಅಂತ ಮುಂದೆ ಬರೆದುಕೊಂಡರು. 1987ರಲ್ಲಿ ಈ ಚಿತ್ರೀಕರಣದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ.

ಜಿಗಣೆಗಳು ನಿಜವಾದವಾ? ನೀರಿಗೆ ಇಳಿದದ್ದು ನಿಜಾನಾ?

ಎರಡಕ್ಕೂ ಉತ್ತರ ಲಂಡನ್ನಿನಲ್ಲಿದೆ.

ಆಫ್ರಿಕಾದ ಆ ನೀರಿನಲ್ಲಿ ಬಿಲ್ಹಾರ್ಜಿಯಾ ಎಂಬ ಕಾಯಿಲೆ ತರುವ ಹುಳ ಇರುತ್ತದೆ. ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಮೊಸಳೆ ಬೇರೆ. ಹಾಗಾಗಿ ನಟರು ನೀರಿಗಿಳಿಯುವ ದೃಶ್ಯಗಳನ್ನೆಲ್ಲ ಐಲ್‌ವರ್ತ್‌ನ ಸ್ಟುಡಿಯೋದಲ್ಲಿ ದೊಡ್ಡ ತೊಟ್ಟಿ ಕಟ್ಟಿ ತೆಗೆದರು. ಚಾರ್ಲಿ ದೋಣಿಗೆ ಹಗ್ಗ ಕಟ್ಟಿ ಎದೆಮಟ್ಟ ನೀರಿನಲ್ಲಿ ಎಳೆಯುವುದು ನೋಡಿ ನಮಗೇ ಮೈ ಕಡಿಯುತ್ತದೆ. ಅದು ಲಂಡನ್ನಿನ ನಲ್ಲಿ ನೀರು!

ಜಿಗಣೆಗೆ ಹ್ಯೂಸ್ಟನ್ ನಿಜವಾದ್ದೇ ಬೇಕು ಅಂದರು. ಜಿಗಣೆ ಸಾಕುವವನೊಬ್ಬನನ್ನು ಕರೆಸಿದರು. ಬೊಗಾರ್ಟ್ ಸುತರಾಂ ಒಪ್ಪಲಿಲ್ಲ. ಕೊನೆಗೆ ಅವರ ಮೈಗೆ ರಬ್ಬರಿನ ಜಿಗಣೆ ಅಂಟಿಸಿದರು. ಹತ್ತಿರದಿಂದ ತೋರಿಸುವ ನಿಜವಾದ ಜಿಗಣೆ ಕಚ್ಚಿಕೊಂಡಿರುವುದು ಸಾಕುವವನ ಎದೆಗೆ. ಆದರೂ ಜಿಗಣೆ ಕಿತ್ತು ಬಿಸಾಡಿ ನಡುಗುತ್ತಾ, ಮತ್ತೆ ನೀರಿಗೇ ಇಳಿಯಬೇಕು ಅಂತ ತಿಳಿದಾಗ ಬೊಗಾರ್ಟ್ ಮುಖದಲ್ಲಿ ಬರುವ ಭಾವ ಇದೆಯಲ್ಲ, ಅದಕ್ಕೆ ರಬ್ಬರು ಬೇಕಿಲ್ಲ.

ಪಾದ್ರಿ ಅಣ್ಣನಾಗಿ ನಟಿಸಿದ ರಾಬರ್ಟ್ ಮಾರ್ಲಿ ಆಫ್ರಿಕಾಕ್ಕೆ ಹೋಗಲೇ ಇಲ್ಲ. ಜರ್ಮನ್ ಕ್ಯಾಪ್ಟನ್ ಪೀಟರ್ ಬುಲ್, ಅವನ ಅಧಿಕಾರಿಯಾಗಿ ಮೊದಲ ಸಲ ತೆರೆಗೆ ಬಂದ ಥಿಯೋಡೋರ್ ಬಿಕೆಲ್ ಕೂಡ ಹಾಗೇ. ರಭಸದ ನೀರಿನಲ್ಲಿ ದೋಣಿ ಎದ್ದುಬೀಳುವ ದೃಶ್ಯಗಳಲ್ಲಿ ಕೆಲವು ಕಡೆ ಇರುವುದು ಪುಟ್ಟ ಮಾದರಿ ದೋಣಿ. ಮುಖ ಹತ್ತಿರದಿಂದ ಕಾಣುವಾಗ ಹಿಂದೆ ಓಡುವ ನದಿ ಆಮೇಲೆ ಜೋಡಿಸಿದ್ದು. ಇವತ್ತಿನ ಕಣ್ಣಿಗೆ ಅಂಚು ಕಾಣುತ್ತದೆ, ಮುಚ್ಚಿಡುವುದೇನು.

ಹ್ಯೂಸ್ಟನ್ ಆನೆ ಬೇಟೆಗೇ ಆಫ್ರಿಕಾಕ್ಕೆ ಹೋಗಿದ್ದಾ?

ಬೇಟೆಯ ಹುಚ್ಚು ಹಿಡಿದಿದ್ದಂತೂ ಹೌದು. ಸಮಯ ಸಿಕ್ಕಾಗಲೆಲ್ಲ ಬಂದೂಕು ಹಿಡಿದು ಹೊರಡುತ್ತಿದ್ದರು. ಬೈಯುತ್ತಿದ್ದ ಹೆಪ್‌ಬರ್ನ್ ಕೂಡ ಒಮ್ಮೆ ಜೊತೆಗೆ ಹೋದರು. ಆನೆ ಮಾತ್ರ ಅವರ ಗುಂಡಿಗೆ ಸಿಗಲಿಲ್ಲ. ಒಳ್ಳೆಯದಾಯಿತು ಅಂತ ನನಗನ್ನಿಸುತ್ತದೆ.

ಇದನ್ನೆಲ್ಲ ಹತ್ತಿರದಿಂದ ಕಂಡ ಪೀಟರ್ ವಿಯೆರ್ಟೆಲ್ 1953ರಲ್ಲಿ ‘ವೈಟ್ ಹಂಟರ್ ಬ್ಲ್ಯಾಕ್ ಹಾರ್ಟ್’ ಎಂಬ ಕಾದಂಬರಿ ಬರೆದರು. ಸಿನಿಮಾ ಬಿಟ್ಟು ಆನೆಯ ಹಿಂದೆ ಬೀಳುವ ನಿರ್ದೇಶಕನ ಕಥೆ. ಹೆಸರು ಬೇರೆ, ಮನುಷ್ಯ ಅವನೇ. 1990ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಸಿನಿಮಾ ಮಾಡಿ, ಆ ಪಾತ್ರವನ್ನು ತಾವೇ ಮಾಡಿದರು. ಇದೂ ನೋಡಬೇಕಾದ್ದೇ.

ಆಫ್ರಿಕಾದವರು ಈ ಸಿನಿಮಾದಲ್ಲಿ ಎಲ್ಲಿದ್ದಾರೆ?

ಹುಡುಕಬೇಕು. ಶುರುವಿನಲ್ಲಿ ಚರ್ಚಿನಲ್ಲಿ ಅರ್ಥವಾಗದ ಹಾಡಿಗೆ ದನಿ ಸೇರಿಸುವ ಜನ. ಆಮೇಲೆ ಜರ್ಮನ್ನರ ಕೈಕೆಳಗಿನ ಸೈನಿಕರು. ಹಳ್ಳಿ ಉರಿದ ಮೇಲೆ ಅವರೆಲ್ಲ ಮಾಯ. ನದಿಯುದ್ದಕ್ಕೂ ಊರೇ ಇಲ್ಲವೇನೋ ಅನ್ನಿಸುತ್ತದೆ. ಹೆಸರಿರುವ, ಮಾತಿರುವ ಒಂದೂ ಆಫ್ರಿಕನ್ ಪಾತ್ರ ಇಲ್ಲ. ಯುದ್ಧ ಯಾರ ನೆಲದಲ್ಲಿ ನಡೆಯುತ್ತಿದೆಯೋ ಅವರಿಗೆ ಅದರ ಬಗ್ಗೆ ಏನನ್ನಿಸಿತು ಅಂತ ಸಿನಿಮಾ ಕೇಳುವುದೇ ಇಲ್ಲ. ಆಗ ಕಾಂಗೋ ಬೆಲ್ಜಿಯಂ ಕೈಯಲ್ಲಿ, ಉಗಾಂಡಾ ಬ್ರಿಟಿಷರ ಕೈಯಲ್ಲಿ. ಚಿತ್ರೀಕರಣ ನಡೆದದ್ದೇ ಆ ಆಡಳಿತಗಳ ಅನುಮತಿ, ಸಹಾಯದಲ್ಲಿ.

ತೆರೆಯ ಹಿಂದೆ ನೋಡಿದರೆ ಉಲ್ಟಾ. ಶಿಬಿರ ಕಟ್ಟಿದವರು, ಸಾಮಾನು ಹೊತ್ತವರು, ಮುಳುಗಿದ ದೋಣಿ ಎತ್ತಿದವರು ಎಲ್ಲ ಅವರೇ. ಹ್ಯೂಸ್ಟನ್ ಹೇಳಿಕೊಂಡ ಒಂದು ಕಥೆ ಇದೆ. ಚಿತ್ರೀಕರಣಕ್ಕೆ ಬರಬೇಕಿದ್ದ ಹಳ್ಳಿಯವರು ಒಂದು ದಿನ ಬರಲೇ ಇಲ್ಲ. ಈ ಬಿಳಿಯರು ನಮ್ಮನ್ನು ಹಿಡಿದು ತಿನ್ನುತ್ತಾರೆ ಅಂತ ಸುದ್ದಿ ಹಬ್ಬಿತ್ತಂತೆ. ಹ್ಯೂಸ್ಟನ್ ಇದನ್ನು ತಮಾಷೆಯಾಗಿ ಹೇಳುತ್ತಿದ್ದರು. ಬೆಲ್ಜಿಯಂ ಕಾಲದಲ್ಲಿ ಕಾಂಗೋ ಜನ ಕಂಡದ್ದನ್ನು ನೆನೆದರೆ ಆ ಭಯ ಸುಮ್ನೆ ಬಂದದ್ದಲ್ಲ ಅಂತ ಅನ್ನಿಸುತ್ತದೆ.

ನಟರು, ನಿರ್ದೇಶಕರು, ಛಾಯಾಗ್ರಾಹಕರು, ಚಿತ್ರಕಥೆಗಾರರು ಎಲ್ಲರೂ ಆ ದಿನಗಳ ಬಗ್ಗೆ ಬರೆದಿದ್ದಾರೆ. ಬಿಯೊಂಡೋದಲ್ಲಿ ಬಿದಿರು ಕಡಿದವರ ಪುಸ್ತಕವನ್ನು ನಾನು ಇನ್ನೂ ಓದಿಲ್ಲ.

ಆಸ್ಕರ್ ಎಷ್ಟು ಬಂತು?

ನಾಲ್ಕಕ್ಕೆ ಹೆಸರು ಹೋಗಿತ್ತು. ನಟ, ನಟಿ, ನಿರ್ದೇಶನ, ಚಿತ್ರಕಥೆ. ಸಿಕ್ಕಿದ್ದು ಒಂದೇ, ಬೊಗಾರ್ಟ್‌ಗೆ. ಆ ವರ್ಷ ಎದುರಿಗಿದ್ದದ್ದು ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನ ಮಾರ್ಲನ್ ಬ್ರಾಂಡೊ. ನಟನೆಯ ಉಳಿದ ಮೂರೂ ಪ್ರಶಸ್ತಿ ಆ ಚಿತ್ರಕ್ಕೇ ಹೋದವು, ಬ್ರಾಂಡೊ ಒಬ್ಬರನ್ನು ಬಿಟ್ಟು. ಬೊಗಾರ್ಟ್ ಬದುಕಿನ ಒಂದೇ ಆಸ್ಕರ್ ಇದು. 1957ರ ಜನವರಿಯಲ್ಲಿ ತೀರಿಕೊಂಡರು.

ಡಿಸೆಂಬರ್ 26ಕ್ಕೇ ಅವಸರವಾಗಿ ಲಾಸ್ ಏಂಜಲೀಸ್ ಹತ್ತಿರ ಬಿಡುಗಡೆ ಮಾಡಿದ್ದೂ ಇದಕ್ಕೇ. ವರ್ಷ ಮುಗಿಯುವ ಮುಂಚೆ ತೆರೆ ಕಾಣದಿದ್ದರೆ ಆ ಸಲದ ಆಸ್ಕರ್ ತಪ್ಪುತ್ತಿತ್ತು. ಚಿತ್ರ ಚೆನ್ನಾಗಿ ಓಡಿತು. ಆದರೆ ಸ್ಪೀಗೆಲ್ ಜೊತೆಗಿನ ಪಾಲುದಾರಿಕೆ ಬಿಟ್ಟು ಹೊರಬಂದಿದ್ದ ಹ್ಯೂಸ್ಟನ್‌ಗೆ ಲಾಭದ ಪಾಲು ದಕ್ಕಲಿಲ್ಲ.

ಡಿಸ್ನಿಲ್ಯಾಂಡ್‌ನ ಜಂಗಲ್ ಕ್ರೂಸ್‌ಗೆ ಇದೇ ಸ್ಫೂರ್ತಿ ಅಂತಾರಲ್ಲ?

ಹೌದು. 1955ರಲ್ಲಿ ಶುರುವಾದ ಆ ದೋಣಿ ಸವಾರಿಯ ವಿನ್ಯಾಸಕಾರ ಹಾರ್ಪರ್ ಗಾಫ್ ಅವರೇ ಹಾಗೆ ಹೇಳಿದ್ದಾರೆ.

ಆ ದೋಣಿ ಈಗ ಎಲ್ಲಿದೆ?

ಫ್ಲಾರಿಡಾದ ಕೀ ಲಾರ್ಗೋದಲ್ಲಿ. ಅದರ ನಿಜವಾದ ಹೆಸರು ‘ಲಿವಿಂಗ್‌ಸ್ಟನ್’. 1912ರಲ್ಲಿ ಇಂಗ್ಲೆಂಡಿನ ಲೈಥಮ್‌ನಲ್ಲಿ ಕಟ್ಟಿದ್ದು. ಸಿನಿಮಾಕ್ಕೆ ಮುಂಚೆ ಆಲ್ಬರ್ಟ್ ಕೆರೆ, ನೈಲ್ ನದಿಯಲ್ಲಿ ಜನರನ್ನೂ ಸಾಮಾನನ್ನೂ ಸಾಗಿಸುತ್ತಿತ್ತು. ಆಮೇಲೂ ಅದೇ ಕೆಲಸ. 1982ರಲ್ಲಿ ಅಮೆರಿಕದ ವಕೀಲರೊಬ್ಬರು 65,000 ಡಾಲರ್ ಕೊಟ್ಟು ಕೊಂಡರು. 1992ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೂ ಸೇರಿತು. ತುಕ್ಕು ಹಿಡಿದು ಮೂಲೆ ಸೇರಿದ್ದನ್ನು 2012ರಲ್ಲಿ ರಿಪೇರಿ ಮಾಡಿಸಿ ಮತ್ತೆ ನೀರಿಗಿಳಿಸಿದರು. ದುಡ್ಡು ಕೊಟ್ಟರೆ ಕಾಲುವೆಯಲ್ಲಿ ಒಂದು ಸುತ್ತು ಹೊಡೆಸುತ್ತಾರೆ. ಅಂದಹಾಗೆ ‘ಕೀ ಲಾರ್ಗೋ’ 1948ರ ಸಿನಿಮಾ ಕೂಡ. ನಿರ್ದೇಶನ ಹ್ಯೂಸ್ಟನ್, ನಟರು ಬೊಗಾರ್ಟ್ ಮತ್ತು ಬಕಾಲ್.

ಯಾವ ಪ್ರತಿ ನೋಡಬೇಕು?

2010ರಲ್ಲಿ ಬಂದ ಡಿಸ್ಕ್ ಅಥವಾ ಅದರಿಂದ ತಯಾರಾದ ಪ್ರತಿ. ಟೆಕ್ನಿಕಲರ್‌ನ ಆ ಮೂರೂ ಮೂಲ ನೆಗೆಟಿವ್‌ಗಳನ್ನು ಬೇರೆ ಬೇರೆಯಾಗಿ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಸರಿಯಾಗಿ ಕೂರಿಸಿ ಮಾಡಿದ್ದು. ಹಳೇ ವಿಡಿಯೋದಲ್ಲಿ ಎಲ್ಲವೂ ಮಣ್ಣುಬಣ್ಣ. ಇದರಲ್ಲಿ ರುಯಿಕಿಯ ನೀರು ಕಪ್ಪಗೆ ಕಾಣುತ್ತದೆ. ಅದು ಕಪ್ಪಗಿದ್ದರೆ ಕಾಂಗೋ, ತಿಳಿಯಾಗಿದ್ದರೆ ಐಲ್‌ವರ್ತ್ ಇರಬಹುದೇನೋ ಅಂತ ಒಂದು ಲೆಕ್ಕ ಇಟ್ಟುಕೊಂಡು ನೋಡಿ. ಒಂದೆರಡು ಕಡೆ ನಾನೂ ಮೋಸ ಹೋಗಿದ್ದೇನೆ.